ಗೋದಾಮಿನ ವಾಸನೆ

ನದಿಯ ಈ ದಡದಲ್ಲಿ ಆಶ್ರಮ. ಆ ದಡದಲ್ಲಿ ಆಶ್ರಮದವರೇ ನಡೆಸುವ, ಮಕ್ಕಳಿಗೆ ಊಟ-ವಸತಿ ಕೊಡುವ ಪ್ರಸಾದನಿಲಯ. ಅದಕ್ಕೆ ಅಂಟಿಕೊಂಡಂತೆ ಅಕ್ಕಿಯ ಗೋದಾಮು.

ಮರುಳಸಿದ್ದಪ್ಪನವರು ಒಂದು ಕಾಲಕ್ಕೆ ಹೆಸರಾಂತ ಆಡಿಟರ್. ಕಣ್ಣು ಮಂಜಾದ ಮೇಲೆ ಸಹಿ ಹಾಕುವುದನ್ನು ಬಿಟ್ಟು ಆಶ್ರಮ ಸೇರಿದ್ದರು. ಕಲಿಯಲು ಬಂದವರಿಗೆ ಮಾತ್ರ ಇಲ್ಲ ಅನ್ನುತ್ತಿರಲಿಲ್ಲ.

ಅವರ ಶಿಷ್ಯೆ ನೀಲಾಂಬಿಕೆ ಹೊಸದಾಗಿ ಆಡಿಟರ್ ಆದವಳು. ಪ್ರಸಾದನಿಲಯದ್ದೇ ಅವಳ ಮೊದಲ ವರದಿ. ಒಂದು ಬೆಳಿಗ್ಗೆ ಅದನ್ನು ಹಿಡಿದುಕೊಂಡು ಖುಷಿಯಿಂದ ಬಂದಳು.

"ಮುಗೀತು ಗುರುಗಳೇ. ನಿನ್ನೆ ಸಂಜೇನೇ ಸಹಿ ಹಾಕಿದೆ. ನಾಳೆ ಸಭೆಯಲ್ಲಿ ದಾನಿಗಳ ಮುಂದೆ ಓದ್ತಾರೆ."

"ಇಷ್ಟು ಬೇಗ?"

"ಎಐಗೆ ಕೊಟ್ಟೆ. ರಸೀದಿ, ಬಿಲ್ಲು, ಗೋದಾಮಿನ ಫೋಟೋ ಎಲ್ಲಾ ನೋಡಿ ವರದೀನೂ ಅದೇ ಬರೀತು. ಎಷ್ಟು ಚೆನ್ನಾಗಿದೆ ಗೊತ್ತಾ?"

"ಓದಿ ಹೇಳು. ನನ್ನ ಕಣ್ಣಿನ ಕಥೆ ನಿನಗೆ ಗೊತ್ತಲ್ಲ."

ಅವಳು ಓದಿದಳು. ವರದಿ ನಿಜಕ್ಕೂ ಚೆನ್ನಾಗಿತ್ತು. ಗುರುಗಳು ತಲೆದೂಗುತ್ತ ಕೇಳಿದರು. 'ಗೋದಾಮಿಗೆ ಖುದ್ದಾಗಿ ಹೋಗಿ ಅಕ್ಕಿಯ ದಾಸ್ತಾನನ್ನು ಕಣ್ಣಾರೆ ಕಂಡಿದ್ದೇವೆ' ಎಂಬಲ್ಲಿಗೆ ಬಂದಾಗ ನಿಲ್ಲಿಸೆಂದು ಕೈ ಎತ್ತಿದರು.

"ಒಳಗೆ ವಾಸನೆ ಹೇಗಿತ್ತು?"

"ಯಾವುದರ ಒಳಗೆ?"

"ಗೋದಾಮಿನ ಒಳಗೆ."

ನೀಲಾಂಬಿಕೆ ವರದಿಯನ್ನು ಮಡಿಲಿಗೆ ಇಳಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ನಾನು ಹೋಗಿಲ್ಲ. ಆ ಸಾಲು ಎಐ ಸೇರಿಸಿದ್ದು ಗುರುಗಳೇ. ಹಳೇ ವರದಿಗಳಲ್ಲೆಲ್ಲಾ ಇರೋ ಸಾಲು ಅದು. ಓದುವಾಗ ಸಹಜವಾಗೇ ಕಾಣ್ತು."

"ಕಣ್ಣು ಹೋಯ್ತು ಅಂತ ನಾನು ಸಹಿ ಬಿಟ್ಟೆ. ಕಣ್ಣೇ ಇಲ್ಲದ್ದು, ಕಣ್ಣಾರೆ ಕಂಡೆ ಅಂತ ಬರೀತು. ಕೆಳಗಿರೋ ಸಹಿ ಯಾರದು?"

"ನನ್ನದು."

ಗುರುಗಳು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ತಡವರಿಸಿಕೊಂಡು ಎದ್ದು, ಗೋಡೆಯ ಮೊಳೆಗೆ ನೇತುಹಾಕಿದ್ದ ತಮ್ಮ ಹಳೆಯ ಕೊಡೆಯನ್ನು ತೆಗೆದು ಅವಳ ಕೈಗಿತ್ತರು.

"ಬಿಸಿಲಿದೆ," ಎಂದರು.

ಆ ದಡಕ್ಕೆ ಹೊರಟ ತೆಪ್ಪದಲ್ಲಿ ಕೂತು ಅವಳು ಮೊಬೈಲ್‌ನಲ್ಲಿದ್ದ ಫೋಟೋ ತೆಗೆದು ನೋಡಿದಳು. ಕಾಣುತ್ತಿದ್ದದ್ದು ಮುಂದಿನ ಸಾಲಿನ ಚೀಲಗಳು ಮಾತ್ರ. ಫೋಟೋ ಕಳಿಸಿದವರು ಗೋದಾಮು ಕಾಯುವ ಹಾಲೇಶಪ್ಪನವರೇ. ಹಿಂದೆ ಏನಿದೆಯೋ. ಚೀಲದೊಳಗೆ ಹೊಟ್ಟು ತುಂಬಿದ್ದರೆ? ನಾಳೆ ದಾನಿಗಳು ಅವಳ ಸಹಿ ನಂಬಿ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಮಳೆಗಾಲದ ಹೊತ್ತಿಗೆ ಮಕ್ಕಳ ತಟ್ಟೆ ಖಾಲಿಯಾಗುತ್ತದೆ.

ಹಾಲೇಶಪ್ಪ ಗೋದಾಮಿನ ಕಟ್ಟೆಯ ಮೇಲೆ ಕೂತಿದ್ದರು.

"ಏನ್ ಮೇಡಂ, ಹೇಳ್ದೆ ಕೇಳ್ದೆ ಬಂದ್ರಲ್ಲ?"

"ಬೀಗ ತೆಗೀರಿ."

ಅವರು ಒಂದು ಕೀಲಿ ಹಾಕಿ ನೋಡಿದರು. ಅದಲ್ಲ. ಇನ್ನೊಂದು ಹಾಕಿದರು. ಅದೂ ಅಲ್ಲ. ಕೊನೆಗೂ ಬಾಗಿಲು ತೆರೆಯಿತು.

"ಎಲ್ಲಕ್ಕಿಂತ ಹಿಂದಿನ ಸಾಲಿಂದ ಒಂದು ಚೀಲ ಎಳೆಸಿ."

ಅಲ್ಲಿದ್ದ ಹಮಾಲರು ಗೊಣಗುತ್ತಲೇ ಎಳೆದರು. ಕಾಳಿನ ಮಾದರಿ ತೆಗೆಯಲು ಗೋದಾಮಿನಲ್ಲಿ ಇಟ್ಟಿದ್ದ ಚೂಪು ಕೊಳವೆಯನ್ನು ಅವಳು ಚೀಲಕ್ಕೆ ಚುಚ್ಚಿದಳು. ಅಂಗೈಗೆ ಅಕ್ಕಿ ಸುರಿಯಿತು. ಇನ್ನೊಂದು ಮೂಲೆಯ ಚೀಲ ತೆಗೆಸಿದಳು. ಅದರಲ್ಲೂ ಅಕ್ಕಿ. ಸಾಲು ಸಾಲಾಗಿ ಎಣಿಸಿ ವರದಿಯ ಜೊತೆ ತಾಳೆ ನೋಡಿದಳು. ಎಲ್ಲಾ ಸರಿಯಿತ್ತು.

ಅವಳು ಅಲ್ಲೇ ಒಂದು ಚೀಲದ ಮೇಲೆ ಕುಸಿದು ಕೂತಳು. ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಯಾಕ್ ಮೇಡಂ, ಏನಾತು?"

"ಏನೂ ಆಗಿಲ್ಲ ಹಾಲೇಶಪ್ಪ. ಎಲ್ಲಾ ಸರಿಯಾಗಿದೆ."

"ಹಂಗಾದ್ರೆ ನಂಗೂ ಸಮಾಧಾನ ಆತು ನೋಡ್ರಿ. ಒಬ್ನೇ ಕಾಯೋನು. ನಾಳೆ ಯಾರಾದ್ರೂ ಬಂದು ಅಕ್ಕಿ ಕಮ್ಮಿ ಐತಿ ಅಂದಿದ್ರೆ, ಇತ್ತು ನಾನ್ ನೋಡೀನಿ ಅಂತ ನನ್ ಪರವಾಗಿ ಹೇಳೋರು ಯಾರಿದ್ರು?"

ಅವರು ಒಂದು ಲೋಟ ಮಜ್ಜಿಗೆ ಕೊಟ್ಟರು. ಅವರನ್ನು ಕಳ್ಳನೆಂದು ಶಂಕಿಸಿದ ನಾಚಿಕೆಯಲ್ಲೇ ಅವಳು ಅದನ್ನು ಕುಡಿದಳು. ಆ ಮಜ್ಜಿಗೆಯಷ್ಟು ರುಚಿ ಅವಳು ಬೇರೆಲ್ಲೂ ಕಂಡಿರಲಿಲ್ಲ.

ಸಂಜೆ ತೆಪ್ಪ ಈ ದಡ ಮುಟ್ಟಿದಾಗ ಗುರುಗಳು ಮೆಟ್ಟಿಲ ಮೇಲೆ ಕೂತಿದ್ದರು. ಅವರು ಕೇಳುವ ಮೊದಲೇ ಅವಳು ಹೇಳಿದಳು.

"ಗೋಣಿ ವಾಸನೆ ಗುರುಗಳೇ. ಜೊತೆಗೆ ಬೇವಿನ ಸೊಪ್ಪಿಂದು. ಹುಳ ಬೀಳಬಾರದು ಅಂತ ಚೀಲಗಳ ನಡುವೆ ಇಟ್ಟಿದ್ದಾರೆ."

"ಅಕ್ಕಿ?"

"ಪೂರ್ತಿ ಇದೆ. ಎಐ ಹೇಳಿದ್ದಕ್ಕಿಂತ ಒಂದು ಚೀಲ ಹೆಚ್ಚಿಲ್ಲ, ಒಂದು ಚೀಲ ಕಮ್ಮಿ ಇಲ್ಲ."

"ಸಂತೋಷ," ಎಂದು ಗುರುಗಳು ನಕ್ಕರು. ಅವಳ ದಾರಿ ಕಾಯುತ್ತ ಅವರು ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲ ಎಂಬುದು ಆಶ್ರಮದವರಿಗೆಲ್ಲ ಗೊತ್ತಿತ್ತು. "ಇನ್ನು ಆ ಹಳೇ ಸಹಿ ಹೊಡೆದುಹಾಕು. ಇವತ್ತಿನ ತಾರೀಖು ಬರೆದು ಹೊಸದಾಗಿ ಸಹಿ ಮಾಡು."

ನೀಲಾಂಬಿಕೆಗೆ ಈಗ ಸಲಿಗೆಯಿಂದ ವಾದ ಮಾಡುವಷ್ಟು ಧೈರ್ಯ ಬಂದಿತ್ತು.

"ಯಾಕೆ ಗುರುಗಳೇ? ವರದಿಯಲ್ಲಿ ಒಂದಕ್ಷರಾನೂ ಬದಲಾಗಿಲ್ಲ. ಅಕ್ಕಿ ನಿನ್ನೇನೂ ಅಲ್ಲೇ ಇತ್ತಲ್ಲ?"

ಗುರುಗಳು ಅವಳ ಕೈಯಿಂದ ಕೊಡೆ ತೆಗೆದುಕೊಂಡು ಮಡಚಿದರು.

"ಅಕ್ಕಿ ಇತ್ತು ತಾಯಿ. ನೀನಿರಲಿಲ್ಲ."