ನಡುಹೊಳೆಯಲ್ಲಿ ಕೇಳದ ಗೆಜ್ಜೆ

“ಗುರುಗಳೇ, ರೇಡಿಯೊ ತರಂಗಗಳನ್ನು ಹಂಚುವ ಕಚೇರಿಯಲ್ಲಿ ನನ್ನ ಕೆಲಸ. ಒಂದು ಕೋಣೆಯೊಳಗೇ ತಂತಿಯಿಲ್ಲದೆ ಮಾತಾಡಿಕೊಳ್ಳುವ ಪುಟ್ಟ ಯಂತ್ರಗಳು ಈಗ ಬರುತ್ತಿವೆ. ಇವುಗಳ ಗದ್ದಲದಲ್ಲಿ ವಿಮಾನಕ್ಕೆ ಸಂಕೇತ ಕೇಳಿಸದು, ತಡೆಯಿರಿ ಎನ್ನುತ್ತಾರೆ ಹಳಬರು. ನಮ್ಮದು ಬರೀ ಪಿಸುಮಾತು, ಬಿಡಿ ಎನ್ನುತ್ತಾರೆ ಹೊಸಬರು. ನಾನು ಯಾರ ಪರವಾಗಿ ಅಪ್ಪಣೆ ಬರೆಯಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಹೊಳೆ. ಅದರ ದಡದಲ್ಲಿ ಒಬ್ಬ ಹೆಂಗಸು ಬಾತುಕೋಳಿ ಸಾಕಿ ಹೊಟ್ಟೆ ಹೊರೆಯುತ್ತಿದ್ದಳು. ಚಳಿಗಾಲದಲ್ಲಿ ಅಲ್ಲಿ ಮಂಜು ಕವಿದರೆ ತನ್ನ ಕೈ ತನಗೇ ಕಾಣದು. ಬಾತುಗಳು ಜೊಂಡಿನೊಳಗೆ ನುಗ್ಗಿ ದಾರಿ ತಪ್ಪಿ ನರಿಯ ಪಾಲಾಗುತ್ತಿದ್ದವು. ಅವಳು ಒಂದೊಂದರ ಕೊರಳಿಗೂ ಗೆಜ್ಜೆ ಕಟ್ಟಿದಳು. ಸದ್ದು ಹಿಡಿದು ಹೋಗಿ ಕರೆತರುತ್ತಿದ್ದಳು.

ಅದೇ ದಡದಲ್ಲಿ ದೋಣಿ ಬಂದು ನಿಲ್ಲುವ ಕಡವು. ಮಂಜಿನಲ್ಲಿ ದಡದಿಂದ ಒಬ್ಬ ಕೊಂಬು ಊದಬೇಕು, ಆ ದನಿಯ ಕಡೆಗೆ ಅಂಬಿಗ ದೋಣಿ ತರಬೇಕು. ದನಿ ತಪ್ಪಿತೋ, ದೋಣಿ ಬಂಡೆಗೆ. ಬಾತುಗಳ ಸದ್ದಿನಲ್ಲಿ ಕೊಂಬಿನ ದನಿ ಮುಳುಗುತ್ತದೆಂದು ಅಂಬಿಗ ಹೆದರಿ, ಗೆಜ್ಜೆ ಬಿಚ್ಚಿಸಿ ಎಂದು ಊರ ಗೌಡನಿಗೆ ದೂರು ಕೊಟ್ಟ. ಗೌಡ ದಡಕ್ಕೆ ಬಂದ, ಬಾತುಗಳ ನಡುವೆ ನಿಂತು ಆಲಿಸಿದ. ಕಿವಿ ಗುಂಯ್‌ಗುಟ್ಟಿತು. “ಬಿಚ್ಚು” ಎಂದ.

ನಾಲ್ಕು ದಿನದಲ್ಲಿ ಒಂಬತ್ತು ಬಾತು ಹೋದವು. ಹೀಗೇ ಆದರೆ ತಾನು ಊರು ಬಿಡಬೇಕಾಗುತ್ತದೆ ಎಂದು ಅವಳಿಗೆ ತಿಳಿಯಿತು. ಉಳಿದವಕ್ಕೆ ಮತ್ತೆ ಗೆಜ್ಜೆ ಕಟ್ಟಿ ಗೌಡನ ಬಾಗಿಲಿಗೆ ಹೋದಳು.

“ಗೌಡರೇ, ಕೊಂಬು ಕೇಳಬೇಕಾದ್ದು ಯಾರಿಗೆ?”

“ಅಂಬಿಗನಿಗೆ.”

“ಅವನು ಇರೋದು ಹೊಳೆ ಮಧ್ಯೆ. ನೀವು ಕೇಳಿದ್ದು ನನ್ನ ಬಾತಿನ ಕತ್ತಿನ ಹತ್ತಿರ. ಒಂದು ಸಲ ದೋಣಿ ಹತ್ತಿ ಬನ್ನಿ.”

ಗೌಡನಿಗೆ ನೀರೆಂದರೆ ಭಯ. “ಸೊಂಟ ನೋವು ಕಣಮ್ಮ” ಎಂದ.

“ಕೇಳೋದಕ್ಕೆ ಸೊಂಟ ಯಾಕೆ ಗೌಡರೇ?”

ಇನ್ನೇನು ಹೇಳಿಯಾನು, ಹತ್ತಿದ. ಅಂಬಿಗನ ತೋಳನ್ನು ಬಿಗಿಯಾಗಿ ಹಿಡಿದು ಕೂತ. ಅವಳೂ ಹತ್ತಿದಳು. ಮಂಜು ದಟ್ಟವಾಗಿತ್ತು. ನಡುಹೊಳೆಗೆ ಬಂದಾಗ ಕೊಂಬು ಕೇಳಿತು. ಗೆಜ್ಜೆ ಒಂದೂ ಕೇಳಲಿಲ್ಲ. ಆದರೆ ಎಲ್ಲಿಂದಲೋ ಒಂದು ಢಣ್ ಢಣ್ ಕೊಂಬಿನ ದನಿಯನ್ನೂ ಮೀರಿ ಬಂತು. ಅವಳ ಮುಖ ಇಳಿದುಹೋಯಿತು. ಮುಂದೆ ನಡೆಯುವ ಗಂಡು ಬಾತಿಗೆ ಚೆಂದ ಕಾಣಲೆಂದು ಅವಳೇ ಕಟ್ಟಿದ್ದ ಕರುವಿನ ಗಂಟೆ ಅದು.

“ಇದು ನನ್ನ ತಪ್ಪು. ದಡ ಮುಟ್ಟಿದ ಕೂಡಲೇ ಬಿಚ್ಚುತ್ತೇನೆ” ಎಂದಳು.

ಅಂಬಿಗ ಹೇಳಿದ, “ನನಗೆ ಅಡ್ಡ ಬರುತ್ತಿದ್ದುದು ಈ ಗಂಟೆಯೇ, ಗೆಜ್ಜೆಯದೇನೂ ಇಲ್ಲ ಗೌಡರೇ. ಇರಲಿ ಬಿಡಿ, ಪಾಪ.”

ಗೌಡ ದೋಣಿಯಲ್ಲೇ ಅಪ್ಪಣೆ ಕೊಟ್ಟ. ನಡುಹೊಳೆಗೆ ಕೇಳಿಸದ ಗೆಜ್ಜೆಯನ್ನು ಯಾರು ಬೇಕಾದರೂ ಕಟ್ಟಲಿ, ತನ್ನನ್ನು ಕೇಳಲೂ ಬರಬೇಕಾಗಿಲ್ಲ. ಅಲ್ಲಿಗೆ ಕೇಳಿಸುವ ಗಂಟೆ ಮಾತ್ರ ಬೇಡ.

ಅಂದು ಅವಳು ಜೊಂಡಿನ ಅಂಚಿನಲ್ಲಿ ಕೂತು, ಗೆಜ್ಜೆಯ ಸದ್ದಿಗೆ ಕಿವಿಗೊಟ್ಟು, ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಕಾಲು ಚಾಚಿದಳು.

ಗುರುಗಳು ಶಿಷ್ಯನತ್ತ ತಿರುಗಿದರು.

“ಹಳಬರ ಮಾತು ಕೇಳಿದೆ, ಹೊಸಬರ ಮಾತು ಕೇಳಿದೆ. ವಿಮಾನದಲ್ಲಿ ಕೂತು ಏನು ಕೇಳಿದೆ, ಮಗು?”