ಒಂದೇ ಸಮದ ಜೋಡಿ

"ಮತ್ತೆ ನಡುವೆ ತಡೆದೆಯಲ್ಲೇ, ಒಂದು ಮಾತನ್ನಾದರೂ ಮುಗಿಸಲು ಬಿಡುತ್ತೀಯಾ? ನಿನಗೆ ಮದ್ದೇ ಬೇಡ, ಸುಮ್ಮನೆ ಸಿಡಿಯುತ್ತೀಯ," ಎಂದು ಪೆಟ್ಟಿಗೆಯಲ್ಲಿ ಮಲಗಿದ್ದ ಅಕ್ಕ ಪಿಸ್ತೂಲು ಪಕ್ಕದ ತಂಗಿ ಪಿಸ್ತೂಲನ್ನು ಗದರಿಸಿದಳು.

"ಹೊರಗೆ ಯಾರೋ ಜಗಳವಾಡುತ್ತಿದ್ದಾರೆ ಅಕ್ಕ. ಭಯವಾಗುತ್ತಿದೆ."

"ಆಡಿಕೊಳ್ಳಲಿ ಬಿಡು. ನಮ್ಮನ್ನು ಮಾಡಿದ ಅಪ್ಪನ ಕೈಗೆಲಸದ ಮಾತು ಕೇಳು. ಒಂದೇ ಕಬ್ಬಿಣ ಕಾಯಿಸಿ ನಮ್ಮಿಬ್ಬರ ನಳಿಗೆಗಳನ್ನು ಬಡಿದು ಮಾಡಿದ. ಒಂದೇ ಮರದ ತುಂಡಿನಲ್ಲಿ ಹಿಡಿ ಕೆತ್ತಿದ. ನೀನು ಕೂದಲೆಳೆಯಷ್ಟು ಭಾರವಾದೆ ಅಂತ ಇಡೀ ದಿನ ಕೂತು ಅರದಿಂದ ಉಜ್ಜಿದ. ಮಕ್ಕಳಲ್ಲಿ ಹೆಚ್ಚು ಕಡಿಮೆ ಮಾಡದ ಅಪ್ಪ ಎಲ್ಲರಿಗೂ ಸಿಗುವುದಿಲ್ಲ, ತಿಳೀತಾ?"

ಪೆಟ್ಟಿಗೆ ತೆರೆಯಿತು. ಯಾವುದೋ ಅವಮಾನದ ಸೇಡು ತೀರಿಸಿಕೊಳ್ಳಲು ಇಬ್ಬರು ಸರದಾರರು ದ್ವಂದ್ವಯುದ್ಧಕ್ಕೆಂದು ಬಯಲಿಗೆ ಬಂದಿದ್ದರು. ಮಧ್ಯಸ್ಥನೊಬ್ಬ ಎರಡಕ್ಕೂ ಮದ್ದು, ಗುಂಡು ತುಂಬಿ, "ಎರಡೂ ಒಂದೇ ಸಮ ಇವೆ ಸ್ವಾಮಿ, ಯಾರಿಗೂ ಮೋಸವಿಲ್ಲ. ಬೇಕಾದ್ದು ತೆಗೆದುಕೊಳ್ಳಿ," ಎಂದ.

ಒಬ್ಬ ಅಕ್ಕನನ್ನು ಎತ್ತಿಕೊಂಡ, ಇನ್ನೊಬ್ಬ ತಂಗಿಯನ್ನು. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ದೂರ ನಡೆದು, ತಿರುಗಿ ನಿಂತು, ಕೈ ಎತ್ತಿದರು. ತಂಗಿಗೆ ಎದುರಿಗೆ ಕಂಡದ್ದು ಅಕ್ಕನ ಕಪ್ಪು ಬಾಯಿ.

"ಅಕ್ಕ, ಸ್ವಲ್ಪ ಓರೆಯಾಗು. ನನ್ನ ಗುಂಡು ನಿನಗೇ ತಾಗುತ್ತದೆ."

"ಆಗುತ್ತಿಲ್ಲ ಕಣೇ. ನೀನೇ ಗುರಿ ತಪ್ಪು."

"ತಪ್ಪದ ಹಾಗೆ ಮಾಡಿದ್ದಾನೆ ಅಪ್ಪ."

"ನನ್ನನ್ನೂ ಹಾಗೇ ಮಾಡಿದ್ದಾನೆ."

ಎರಡೂ ಕಡೆ ಹೆಬ್ಬೆರಳುಗಳು ಚಕಮಕಿ ಕಲ್ಲು ಕಚ್ಚಿದ ಕೊಕ್ಕೆಯನ್ನು ಹಿಂದಕ್ಕೆ ಎಳೆದವು. ತಂಗಿ ಆಗ ಕೇಳಿದಳು:

"ಹಾಗಾದರೆ ಅಪ್ಪ ನಮ್ಮಲ್ಲಿ ಭೇದ ಮಾಡದೆ ಇದ್ದದ್ದು ಯಾರ ಮೇಲಿನ ಪ್ರೀತಿಯಿಂದ, ಅಕ್ಕ?"