ಕುದುರೆಬಾಲದ ತಲಪರಿಗೆ

ಬಿಲ್ಲು ಹೆಗಲಿಗೇರಿಸಿ, ಕುದುರೆಯ ಮೇಲೆ ಕುಳಿತು, ಕಾಡಿನ ದಾರಿಯನ್ನೂ ಬಡವರ ಮನೆಯ ದಾರಿಯನ್ನೂ ಒಂದೇ ಸಮನಾಗಿ ಕಾಯುವ ಹಾರುಗಲ್ಲು ಬೇಟೆರಾಯಸ್ವಾಮಿಗೆ ಮೊದಲ ನಮಸ್ಕಾರ. ಮರಳಿನಡಿಯಿಂದ ಸದ್ದಿಲ್ಲದೆ ಉಕ್ಕಿ ಬರುವ ಗಂಗಮ್ಮ ತಾಯಿಗೆ ಎರಡನೆಯ ನಮಸ್ಕಾರ. ಹೂ ಕೊಡುವ ಗಿಡಕ್ಕೂ ಹೂ ಕೊಡಲಾರದ ಗಿಡಕ್ಕೂ ಒಂದೇ ಮಳೆ ಸುರಿಸುವ ದೊಡ್ಡ ಕರುಣೆಗೆ ಮೂರನೆಯ ನಮಸ್ಕಾರ. ಈ ಮೂರು ಸಂದ ಮೇಲೆ ಕಥೆ.

ಹಾರುಗಲ್ಲು ಬೆಟ್ಟದ ಮೂಡಣ ಬುಡದಲ್ಲಿ ಸ್ವಾಮಿಯ ಚಿಕ್ಕ ಗುಡಿಯಿದೆ. ಗುಡಿಯ ಹಿಂದೆ ಎದೆಮಟ್ಟದ ಕಲ್ಲುಗೋಡೆ, ಗೋಡೆಯೊಳಗೆ ಹೂದೋಟ, ತೋಟದ ಮೇಲುತುದಿಯಲ್ಲಿ ತಲಪರಿಗೆ. ತಲಪರಿಗೆಯೆಂದರೆ ಏನೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದವರಿಗೆ ಹೇಳುವುದಾದರೆ, ಮರಳನ್ನು ಬಗೆದ ಕಡೆ ತಾನಾಗಿ ಒಸರಿ ಬರುವ ಊಟೆ ಅದು. ನೀರೆತ್ತುವ ಏತವಿಲ್ಲದೆ, ಕಪಿಲೆಯಿಲ್ಲದೆ ಸಣ್ಣ ಕಾಲುವೆಯಾಗಿ ಹರಿದು ಗಿಡಗಳ ಬುಡ ಸೇರುತ್ತದೆ. ಈ ತಲಪರಿಗೆಯ ಬಾಯಿಯ ಸುತ್ತ, ಕಲ್ಲು ಕಟ್ಟಿದ ಆಳುದ್ದದ ತಗ್ಗೊಂದರ ಆಚೆ, ಸೊಂಟದೆತ್ತರ ಬೆಳೆದ ಹಸಿರು ಕಡ್ಡಿಗಳ ಮೆಳೆಯೊಂದಿದೆ. ಎರಡು ಬೆರಳಿಗೊಂದು ಗೆಣ್ಣು, ಗೆಣ್ಣಿಗೊಂದು ಹಲ್ಲುಹಲ್ಲಾದ ಕಪ್ಪು ಪಟ್ಟಿ, ಪಟ್ಟಿಯ ಸುತ್ತ ಕೂದಲೆಳೆಯಂಥ ಕವಲು. ಎಲೆಯೆನ್ನುವ ಹಾಗೆ ಏನೂ ಕಾಣದು. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ತುದಿಯಲ್ಲಿ ಕಂದುಬಣ್ಣದ ಮೊಗ್ಗಿನಂಥದೊಂದು ಕಟ್ಟಿದರೂ ಅದು ಅರಳುವುದಿಲ್ಲ. ಚಿಟಿಕೆ ಹಿಟ್ಟು ಉದುರಿಸಿ ಒಣಗಿಹೋಗುತ್ತದೆ. ಮಕ್ಕಳು ಕಡ್ಡಿಯನ್ನು ಗೆಣ್ಣಿನಲ್ಲಿ ಟಪ್ಪೆಂದು ಬಿಡಿಸಿ, ಮತ್ತೆ ಒಂದರೊಳಗೊಂದು ಕೂರಿಸಿ, ಎಲ್ಲಿ ಬಿಡಿಸಿದ್ದು ಹೇಳು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಹೇಳುವುದು ಸುಲಭವಲ್ಲ. ಇದನ್ನು ನಾವು ಕುದುರೆಬಾಲ ಎನ್ನುತ್ತೇವೆ. ಊಟೆಗೆ ಕುದುರೆಬಾಲದ ತಲಪರಿಗೆಯೆಂದೇ ಹೆಸರು. ಆದರೆ ಮೊದಲು ಈ ಹೆಸರು ಎರಡಕ್ಕೂ ಇರಲಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರು ಈ ಸೀಮೆಗೆ ಕಾಲಿಡುವುದಕ್ಕೂ ಮುಂಚೆ ಎನ್ನುತ್ತಾರೆ, ಈ ತೋಟವನ್ನು ತಿರುಮಕ್ಕನೆಂಬ ಹೂವಾಡಿಗರ ಹೆಂಗಸು ನೋಡಿಕೊಳ್ಳುತ್ತಿದ್ದಳು. ಆಕೆಯ ಗಂಡನ ಮನೆಗೆ ಏಳು ತಲೆಯಿಂದ ಬಂದ ಸೇವೆ ಅದು. ಗಂಡ ಕದಿರಯ್ಯ ತೀರಿಕೊಂಡ ಮೇಲೆ ಗುದ್ದಲಿಯನ್ನು ಆಕೆಯೇ ಹಿಡಿದಳು. ದಿನಕ್ಕೊಂದು ಮಾಲೆ, ಗುಡಿಯ ದೀಪಗಳನ್ನು ಉಜ್ಜಿ ಬೆಳಗುವುದು, ವರ್ಷಕ್ಕೊಮ್ಮೆ ಪಾರುವೇಟೆಯ ಹಿಂದಿನ ದಿನ ಸ್ವಾಮಿಯ ಕಂಚಿನ ಕುದುರೆಯನ್ನು ತೊಳೆದು ಅಣಿಮಾಡುವುದು. ಪಾರುವೇಟೆಯೆಂದರೆ ಸಂಕ್ರಾಂತಿಯ ಮರುದಿನ ಸ್ವಾಮಿ ಕುದುರೆಯೇರಿ ಬೇಟೆಗೆ ಹೊರಡುವ ಉತ್ಸವ. ಇಷ್ಟು ಕೆಲಸದಲ್ಲಿ ಆಕೆಯ ಬಾಳು ತುಂಬಿತ್ತು. ಮಲ್ಲಿಗೆ ಬಿಡಿಸುವಾಗ ಗಿಡದೊಡನೆ ಮಾತಾಡುತ್ತಿದ್ದಳು. ಸ್ವಾಮಿಗೆ ಮಾಲೆ ಏರಿದ ಮೇಲೆಯೇ ತಾನು ನೀರು ಕುಡಿಯುತ್ತಿದ್ದಳು.

ಆ ತೋಟಕ್ಕೊಂದು ಕಟ್ಟಳೆ ಇತ್ತು. ದೇವರ ತೋಟದಲ್ಲಿ ಹುಟ್ಟಿದ್ದು ದೇವರ ತೋಟದಲ್ಲೇ ಮಣ್ಣಾಗಬೇಕು. ಸ್ವಾಮಿಯ ಮುಡಿಗೆ ಹೋಗುವ ಹೂವನ್ನುಳಿದು ಒಂದು ತರಗೆಲೆಯೂ ತೋಟದ ಹೊಸ್ತಿಲು ದಾಟುವಂತಿಲ್ಲ, ಏನನ್ನೂ ಸುಡುವಂತಿಲ್ಲ. ಕಿತ್ತ ಕಳೆಯನ್ನು ಸಣ್ಣಗೆ ಕೊಚ್ಚಿ ಹೂಗಿಡದ ಬುಡಕ್ಕೇ ಹಾಕಬೇಕು. ಎಂಥ ಕಳೆಯೂ ಹೀಗೆ ಗೊಬ್ಬರವಾಗಿ ಮಲ್ಲಿಗೆಯ ಮೈ ಸೇರುತ್ತಿತ್ತು. ಹಿರಿಯರು ಮಾಡಿದ ಒಳ್ಳೆಯ ಕಟ್ಟಳೆಯೇ ಅದು.

ಒಂದು ವರ್ಷ ಮುಂಗಾರು ಜೋರಾಗಿ ಹಿಡಿಯಿತು. ಬೆಟ್ಟದ ಹಳ್ಳ ತುಂಬಿ ಗೋಡೆಯ ಮೇಲೆ ಹರಿದು, ಹೋಗುವಾಗ ತಲಪರಿಗೆಯ ಬಾಯಲ್ಲಿ ಒಂದು ಹಿಡಿ ಗೆಣ್ಣುಹುಲ್ಲನ್ನು ಬಿಟ್ಟುಹೋಯಿತು. ಆಗ ಅದಕ್ಕೆ ಬೇರೆ ಹೆಸರಿರಲಿಲ್ಲ. ತಿರುಮಕ್ಕ ಅದನ್ನು ಕಂಡಳು, ಕಿತ್ತಳು, ಕುಡುಗೋಲಿನಿಂದ ಗೆಣ್ಣು ಗೆಣ್ಣಾಗಿ ಕೊಚ್ಚಿ, ಕಟ್ಟಳೆ ತಪ್ಪದಂತೆ ಒಂದೊಂದು ಮಲ್ಲಿಗೆಯ ಬುಡಕ್ಕೂ ಒಂದೊಂದು ಹಿಡಿ ಹಾಕಿ ನೀರುಣಿಸಿದಳು. ಹದಿನೈದು ದಿನಕ್ಕೆ ಮಲ್ಲಿಗೆಯ ಬುಡದಲ್ಲೆಲ್ಲ ಹಸಿರು ಸೂಜಿಗಳೆದ್ದವು. ಆಕೆ ಅವನ್ನೂ ಕಿತ್ತಳು, ಇನ್ನೂ ಸಣ್ಣಗೆ ಕೊಚ್ಚಿದಳು, ಇನ್ನೂ ಭಕ್ತಿಯಿಂದ ಮರುಗಕ್ಕೂ ಕಣಗಿಲೆಗೂ ಹಂಚಿದಳು. ಹಸಿಯಾದ ತುಂಡು ನೆಲದ ತೇವ ಕಂಡರೆ ಅದರ ಗೆಣ್ಣಿನಲ್ಲೊಂದು ಹೊಸ ಬಾಳು ಕಾದು ಕುಳಿತಿರುತ್ತದೆ. ಮಣ್ಣೊಳಗಿನ ಕರಿಯ ಬೇರು ಆಳುದ್ದ ಇಳಿದು ಅಲ್ಲಿಂದ ಅಡ್ಡಕ್ಕೆ ನಡೆಯುತ್ತದೆ. ಇದು ಆಕೆಗೆ ತಿಳಿಯದು. ಆಕೆಯ ನಿಷ್ಠೆಯೇ ಕಳೆಯನ್ನು ಬಿತ್ತುತ್ತಿತ್ತು. ಮಾರ್ಗಶಿರ ಬರುವಷ್ಟರಲ್ಲಿ ತೋಟ ಹುಲ್ಲಿನದಾಗಿ, ಮಲ್ಲಿಗೆ ಅದರ ನಡುವೆ ನೆಂಟರ ಮನೆಗೆ ಬಂದಂತೆ ನಿಂತಿತ್ತು. ಸ್ವಾಮಿಯ ಪಾದದವರೆಗೆ ಇಳಿಯುತ್ತಿದ್ದ ಮಾಲೆ ಮೊದಲು ಮೊಣಕಾಲಿಗೆ ನಿಂತಿತು, ಆಮೇಲೆ ಎದೆಗೆ.

ಊರ ಹಿರಿಯ ಹಾಲಗೌಡ ಕೆಟ್ಟವನಲ್ಲ, ಆದರೆ ಆತನ ನಾಲಗೆ ಗಂಧದ ಮರಕ್ಕೆ ಹಾಕಿದ ಗರಗಸದಂಥದು ಎನ್ನುತ್ತಾರೆ. ಒಂದು ಬೆಳಗ್ಗೆ ಗುಡಿಯಲ್ಲಿ ಎದೆಯುದ್ದದ ಮಾಲೆಯನ್ನು ನೋಡಿ ನೇರವಾಗಿ ತೋಟಕ್ಕೆ ಬಂದ. ಹೊಸ್ತಿಲಲ್ಲೇ ನಿಂತು ಸುತ್ತ ಕಣ್ಣಾಡಿಸಿದ.

“ತಿರುಮಕ್ಕ, ನೀನು ಸ್ವಾಮಿಗೆ ಹೂ ಬೆಳೀತಾ ಇದೀಯೋ, ಸ್ವಾಮಿ ಕುದುರೆಗೆ ಮೇವು ಬೆಳೀತಾ ಇದೀಯೋ?”

“ಮೇವಾಗಿದ್ರೆ ಎಷ್ಟೋ ವಾಸಿ ಆಗ್ತಿತ್ತು ಗೌಡ್ರೇ,” ಎಂದಳು ಆಕೆ ತಲೆಯೆತ್ತದೆ. “ಗೋಡೆ ಹಾರಿ ಬಂದ ಮೇಕೆ ಕೂಡ ಮೂಸಿ ನೋಡಿ ಹೋಯ್ತು.”

ಗೌಡ ನಗಲಿಲ್ಲ. ಪಾರುವೇಟೆಯ ಹೊತ್ತಿಗೆ ತೋಟ ಮೊದಲಿನಂತಾಗಬೇಕು, ಇಲ್ಲವಾದರೆ ಹೂವಿನ ಸೇವೆಯನ್ನು ಪಕ್ಕದೂರಿನ ಹೂವಾಡಿಗರ ಮನೆಗೆ ಒಪ್ಪಿಸುವುದೆಂದು ಹೇಳಿ ಹೋದ. ಅರ್ಚಕ ಸಿಂಗರಯ್ಯ ಮರುಗಿದರೂ ತಡೆಯಲಾರದೆ ಹೋದರು. ತಿರುಮಕ್ಕ ಆ ದಿನದಿಂದ ಬೆಳಕಿರುವಷ್ಟು ಹೊತ್ತೂ ಅಗೆದಳು. ರಾಶಿಗಟ್ಟಲೆ ಕಿತ್ತು ಗೋಡೆಯ ಮೂಲೆಗೆ ಒಟ್ಟಿದರೆ ರಾಶಿಯೇ ಚಿಗುರಿತು. ಕತ್ತಲಲ್ಲಿ ಗೋಡೆಯಾಚೆ ಎಸೆದುಬಿಡು, ಯಾರು ನೋಡುತ್ತಾರೆ ಎಂದು ನೆರೆಯವರು ಕಿವಿಯಲ್ಲಿ ಹೇಳಿದರು. ಯಾರು ನೋಡುತ್ತಾರೆಂದು ಆಕೆಗೆ ಗೊತ್ತಿತ್ತು. ಆಕೆ ಎಸೆಯಲಿಲ್ಲ. ಸೇವೆ ಹೋಗುತ್ತದೆ, ಹೋಗುವಾಗ ಕಟ್ಟಳೆ ಮುರಿದವಳೆಂಬ ಮಾತು ಏಳು ತಲೆಯ ಮೇಲೆ ಬೀಳಬಾರದು ಎಂದುಕೊಂಡಳು.

ಪಾರುವೇಟೆಯ ಹಿಂದಿನ ಮಧ್ಯಾಹ್ನ ರೂಢಿಯಂತೆ ಕಂಚಿನ ಕುದುರೆಯನ್ನು ಹೊತ್ತು ತಂದು ತಲಪರಿಗೆಯ ಹಾಸುಗಲ್ಲಿನ ಮೇಲೆ ಇಳಿಸಿದರು. ಎರಡು ಮೊಳ ಎತ್ತರದ ಕುದುರೆ. ಕಂಚೆಂದು ಹೇಳಿದರೆ ನಂಬಬೇಕು, ಅಷ್ಟೆ. ತಲೆತಲಾಂತರದಿಂದ ತೂಗುದೀಪದ ಎಣ್ಣೆ ತೊಟ್ಟಿಕ್ಕಿ, ಹೊಗೆ ಕೂತು, ಅದರ ಮೈ ಹೆಂಚಿನಂತೆ ಕರ್ರಗಾಗಿತ್ತು. ಹುಣಸೆಹಣ್ಣು, ಬೂದಿ, ಇಟ್ಟಿಗೆಪುಡಿ ಯಾವುದಕ್ಕೂ ಬಗ್ಗದ ಜಿಡ್ಡು. ಊರವರು ಅದನ್ನು ಕರಿಕುದುರೆಯೆಂದೇ ಕರೆಯುತ್ತಿದ್ದರು. ತಿರುಮಕ್ಕ ತನ್ನ ಕೊನೆಯ ಸೇವೆಯೆಂದು ನೆನೆದು ನೆನೆದು ಉಜ್ಜಿದಳು. ತೆಂಗಿನ ನಾರು ಸವೆದು ಪುಡಿಯಾಯಿತು. ಕಣ್ಣು ತುಂಬಿ ಮುಂದೇನೂ ಕಾಣದೆ, ಬದಿಗೆ ಕೈಚಾಚಿ, ಬೆರಳಿಗೆ ಸಿಕ್ಕಿದ್ದನ್ನು ಸಿಟ್ಟಿನಿಂದ ಕಿತ್ತು, ಮುರಿದು ಮಡಚಿ, ಕುದುರೆಯ ಕತ್ತಿಗೆ ಒತ್ತಿ ತಿಕ್ಕಿದಳು. ನನ್ನ ಸೇವೆ ತಿಂದದ್ದು ನೀನು, ನಿನಗೂ ಸೇವೆ ಮಾಡುವುದು ಏನೆಂದು ತಿಳಿಯಲಿ ಎಂದು ಬಯ್ದಳಂತೆ. ಗೆಣ್ಣುಹುಲ್ಲು ಕಂಚಿನ ಮೇಲೆ ಗರಗರ ಸದ್ದು ಮಾಡಿತು. ಕೈಯೆತ್ತಿ ನೋಡಿದರೆ ಕಪ್ಪಿನ ನಡುವೆ ಒಂದು ಬೆರಳಗಲದ ಹೊಂಬಣ್ಣ.

ಆಕೆ ಕಡ್ಡಿಯೊಂದನ್ನು ಕೆನ್ನೆಗೆ ಉಜ್ಜಿಕೊಂಡು ನೋಡಿದಳು. ಸಣ್ಣ ಅರದಂತೆ ತರಿತರಿ. ಮರಳಿನಡಿಯಿಂದ ನೀರಿನೊಡನೆ ಮರಳನ್ನೂ ಕುಡಿದು ಮೈಗೆ ಪೂಸಿಕೊಂಡಿದೆಯೋ ಎಂಬಂತಿತ್ತು. ಹಿಡಿ ಹಿಡಿಯಾಗಿ ಕಿತ್ತಳು, ತಿಕ್ಕಿದಳು, ಮತ್ತೆ ಕಿತ್ತಳು. ಕುದುರೆಯ ಕಿವಿ ಮೂಡಿತು, ಕಣ್ಣು ತೆರೆಯಿತು, ಜೀನಿನ ಅಂಚಿನ ಬಳ್ಳಿ, ಕೊರಳ ಗೆಜ್ಜೆಸರ, ಯಾರೂ ಕಂಡಿರದ್ದು ಒಂದೊಂದೇ ಬೆಳಕಿಗೆ ಬಂತು. ಹೊತ್ತು ಇಳಿಯುವಾಗ ಹಿಂಭಾಗಕ್ಕೆ ಬಂದಳು. ಅಲ್ಲಿ ಗಟ್ಟಿಯಾಗಿ ಅಂಟಿದ್ದ ಜಿಡ್ಡಿನ ಮುದ್ದೆಯೊಂದು ಆಕೆಯ ಕೈಯಲ್ಲೇ ಕಳಚಿ ಬಂತು. ಬಂದ ಕಡೆ ಹೆಬ್ಬೆರಳು ಹೋಗುವಷ್ಟು ತೂತು. ಕುದುರೆಗೆ ಬಾಲವಿರಲಿಲ್ಲ.

ಮುರಿದು ಭಿನ್ನವಾದ ವಾಹನವನ್ನು ಸ್ವಾಮಿ ಏರುವಂತಿಲ್ಲ. ಬೆಳಗಾದರೆ ಪಾರುವೇಟೆ. ತೋಟ ಕೆಡಿಸಿದ್ದಲ್ಲದೆ ಸ್ವಾಮಿಯ ಕುದುರೆಯನ್ನೂ ಮುರಿದೆನೆಂದು ಆಕೆ ಒದ್ದೆ ಸೆರಗಿನಲ್ಲೇ ಗುಡಿಗೆ ಓಡಿ ಸಿಂಗರಯ್ಯನವರ ಮುಂದೆ ಕೈಮುಗಿದು ನಿಂತಳು. ತೋಟದ ಕಡೆ ಕೈ ತೋರಿಸಿದಳು. ಅರ್ಚಕರು ಬಂದರು, ಅವರ ಹಿಂದೆ ಹಾಲಗೌಡನೂ ಬಂದ. ಇಳಿಬಿಸಿಲಿನಲ್ಲಿ ಕುದುರೆ ಈಗ ತಾನೆ ಅಚ್ಚಿನಿಂದ ತೆಗೆದ ಹಾಗೆ ಹೊಳೆಯುತ್ತ ನಿಂತಿತ್ತು. ಅರ್ಚಕರು ಮಂಡಿಯೂರಿ, ತೂತಿನ ಅಂಚನ್ನು ಬೆರಳಿನಿಂದ ಸುತ್ತ ಸವರಿ ನೋಡಿದರು.

“ಮುರಿದದ್ದಲ್ಲ ತಾಯಿ. ಅಂಚು ನುಣುಪಾಗಿದೆ. ಎರಕ ಹೊಯ್ದವನೇ ಬಾಲ ಸಿಕ್ಕಿಸೋದಕ್ಕೆ ಅಂತ ಬಿಟ್ಟ ತೂತು ಇದು. ಆ ಬಾಲ ಯಾವ ಕಾಲಕ್ಕೆ ಉದುರಿಹೋಯ್ತೋ ಏನೋ.”

ಅಷ್ಟು ಕೇಳಿ ಆಕೆಯ ಜೀವ ಮರಳಿ ಬಂತು. ಆದರೆ ಬಾಲವಿಲ್ಲದ ಕುದುರೆಯನ್ನು ಊರ ಮುಂದೆ ನಿಲ್ಲಿಸುವುದು ಹೇಗೆ? ನಿಜವಾದ ಕುದುರೆಯ ಕೂದಲು ತರಿಸೋಣವೆಂದರೆ ಕುದುರೆ ಕಟ್ಟಿದ ಮನೆ ಎರಡು ದಿನದ ದಾರಿ ಎಂದು ಗೌಡ ಹೇಳಿದ. ತಿರುಮಕ್ಕ ಹಾಸುಗಲ್ಲಿನ ಕಡೆ ನೋಡಿದಳು. ಉಜ್ಜಲೆಂದು ಕಿತ್ತ ಕೊನೆಯ ಹಿಡಿ ಅಲ್ಲೇ ಇತ್ತು, ಇನ್ನೂ ಮುರಿದಿರಲಿಲ್ಲ. ಬುಡವನ್ನು ಸೇರಿಸಿ ಹಿಡಿದು ತೂತಿಗೆ ಇಟ್ಟಳು. ಅಳತೆ ಮಾಡಿದಂತೆ ಕೂತಿತು. ಮೇಲಿನ ಎಳೆ ಎಳೆ ಕವಲುಗಳು ತಮ್ಮ ಭಾರಕ್ಕೆ ತಾವೇ ಬಾಗಿ, ಕುದುರೆಯ ಹಿಂಗಾಲಿನವರೆಗೆ ಇಳಿದವು. ತಲಪರಿಗೆಯ ಕಡೆಯಿಂದ ಒಂದು ಗಾಳಿ ಬಂತು. ಬಾಲ ಆಡಿತು.

ಹಾಲಗೌಡ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡ. “ಮೇವು ಅಂದೆ. ನನ್ನ ಬಾಯಿಗಿಷ್ಟು ಬೂದಿ ಬಿತ್ತು. ಸೇವೆ ನಿಮ್ಮ ಮನೇದೇ ಕಣವ್ವ,” ಎಂದ.

ತಿರುಮಕ್ಕ ಹಿಗ್ಗಲಿಲ್ಲ. ಸೇವೆ ಉಳಿದರೂ ತೋಟ ಉಳಿಯಬೇಕಲ್ಲ ಸ್ವಾಮಿ, ಇದನ್ನು ಕಿತ್ತು ಎಲ್ಲಿಡಲಿ ಎಂದು ಅರ್ಚಕರನ್ನು ಕೇಳಿದಳು. ಸಿಂಗರಯ್ಯನವರು ಬಹಳ ಹೊತ್ತು ಯೋಚಿಸಲಿಲ್ಲ.

“ಹೂವು ಹೊಸ್ತಿಲು ದಾಟೋದು ಯಾಕೆ? ಸ್ವಾಮಿ ಸೇವೆಗೆ ಹೋಗುತ್ತೆ, ಅದಕ್ಕೆ. ಇವತ್ತಿಂದ ಇದೂ ಸೇವೆಯ ಗಿಡ ಆಯ್ತು. ಇದಕ್ಕೂ ಬಾಗಿಲು ತೆರೀತು ಅಂತ ತಿಳಿ.”

ಮರುದಿನ ಸ್ವಾಮಿ ಹೊಂಬಣ್ಣದ ಕುದುರೆಯೇರಿ, ಹಸಿರು ಬಾಲ ಬೀಸುತ್ತ ಬೇಟೆಗೆ ಹೊರಟನು. ಅಂದಿನಿಂದ ತಿರುಮಕ್ಕ ಮಲ್ಲಿಗೆಯ ಬುಡದಿಂದ ಕಿತ್ತದ್ದನ್ನೆಲ್ಲ ಹೊರಗಿನ ಬಂಡೆಯ ಮೇಲೆ ಗರಿಗರಿಯಾಗಿ ಒಣಗಿಸಿ ಗುಡಿಯ ದೀಪಗಳನ್ನು ಉಜ್ಜಿ ಬೆಳಗಲು ಇಟ್ಟಳು. ಒಣಗಿದ ಮೇಲೆ ಅದು ಚಿಗುರದು, ಉಜ್ಜುವ ಗುಣ ಮಾತ್ರ ಬಿಡದು. ಮೂರು ವರ್ಷ ಬಿಡದೆ ಕಿತ್ತ ಮೇಲೆ ತೋಟ ತೆರವಾಯಿತು, ಮಾಲೆ ಮತ್ತೆ ಸ್ವಾಮಿಯ ಪಾದ ಮುಟ್ಟಿತು. ತಲಪರಿಗೆಯ ಬಾಯಲ್ಲಿದ್ದದ್ದನ್ನು ಮಾತ್ರ ಆಕೆ ಬಿಟ್ಟಳು. ಬೇರು ಈಚೆ ನಡೆಯದಂತೆ ನಡುವೆ ಆಳುದ್ದದ ತಗ್ಗು ತೆಗೆಸಿ ಕಲ್ಲು ಕಟ್ಟಿಸಿದಳು. ಆಮೇಲೆ ಎಷ್ಟೋ ಸಲ ಹಳ್ಳ ಉಕ್ಕಿ ಬಂದರೂ ತಲಪರಿಗೆಯ ದಡ ಕುಸಿಯಲಿಲ್ಲ. ಆ ಕರಿಯ ಬೇರುಗಳು ಮರಳನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಹಿಡಿದಿದ್ದವು. ತೋಟದೊಳಗೆ ಪೀಡೆಯಾದದ್ದು ತನ್ನ ಜಾಗದಲ್ಲಿ ನಿಂತಾಗ ಕಾವಲಾಯಿತು ಎಂದು ಹಿರಿಯರು ಈ ಮಾತಿಗೆ ಬಂದಾಗ ತಲೆದೂಗುತ್ತಾರೆ.

ಇಂದು ಹೋದವರಿಗೂ ಆ ಕಲ್ಲು ಕಟ್ಟಿದ ತಗ್ಗು ಕಾಣುತ್ತದೆ. ಈಚೆ ಮಲ್ಲಿಗೆ, ಆಚೆ ಕುದುರೆಬಾಲ, ನಡುವೆ ತಿರುಮಕ್ಕನ ಗೆರೆ. ಬೆಳಗಿನ ಹೊತ್ತು ಹೋದರೆ ಪ್ರತಿ ಗೆಣ್ಣಿನ ಹಲ್ಲಿನ ಮೇಲೂ ಒಂದೊಂದು ನೀರ ಹನಿ ನಿಂತಿರುತ್ತದೆ. ಹೂವಿಲ್ಲದ ಗಿಡ ತನಗೆ ತಾನೇ ಮಾಲೆ ಕಟ್ಟಿಕೊಂಡಂತೆ. ಮನೆಯ ಪಾತ್ರೆ ಬೆಳಗಲು ಒಣಗಿದ ಹಿಡಿಯನ್ನು ಪ್ರಸಾದವೆಂದು ಕೊಡುತ್ತಾರೆ. ಹಿತ್ತಲಲ್ಲಿ ಬೆಳೆಸುತ್ತೇವೆ, ಒಂದು ಬೇರು ಕೊಡಿ ಎಂದು ಯಾರಾದರೂ ಕೇಳಿದರೆ ಅರ್ಚಕರ ಮನೆಯವರು, “ಕುಂಡದಲ್ಲಿಡಿ, ಚೆನ್ನಾಗಿರುತ್ತೆ. ನೆಲಕ್ಕೆ ಬಿಟ್ಟೀರಿ, ಜೋಕೆ,” ಎಂದು ನಕ್ಕು ಕೊಡುತ್ತಾರೆ. ಪಾರುವೇಟೆಯ ಬೆಳಗ್ಗೆ ಹೂವಾಡಿಗರ ಮನೆಯ ಹಿರಿಯ ಹೆಂಗಸು ಒಂದು ಹಿಡಿ ಹಸಿರು ಕಡ್ಡಿ ಕಿತ್ತು ಕಂಚಿನ ಕುದುರೆಗೆ ಬಾಲ ಸಿಕ್ಕಿಸುತ್ತಾಳೆ. ಗಾಳಿಗೆ ಅದು ಒಮ್ಮೆ ಆಡುವವರೆಗೂ ಯಾರೂ ಸ್ವಾಮಿಯ ವಾಹನಕ್ಕೆ ಹೆಗಲು ಕೊಡುವುದಿಲ್ಲ.

ಕೇಳಿದ ನಿಮ್ಮೆಲ್ಲರ ಮನೆಯ ದೀಪ ಮಾಸದೆ ಬೆಳಗಲಿ. ನೀವು ಬೇಡವೆಂದು ಕಿತ್ತದ್ದರಲ್ಲೂ ಬೇಕಾದದ್ದೊಂದು ನಿಮ್ಮ ಕೈಗೆ ಸಿಗಲಿ. ಹೂ ಬಿಡುವ ಬಾಳಿಗೂ ಹೂ ಬಿಡದ ಬಾಳಿಗೂ ತನ್ನ ಸೇವೆಯಲ್ಲೊಂದು ಜಾಗವನ್ನು ಬೇಟೆರಾಯಸ್ವಾಮಿ ಇಟ್ಟಿರಲಿ.